ದೇಹದ ತೂಕ ಮತ್ತು ಆರೋಗ್ಯದ ಅಳತೆ

ಮನುಷ್ಯನ ಆರೋಗ್ಯವನ್ನು ಅವನ ಮೈಕಟ್ಟು ನೋಡಿ ನಿರ್ಧರಿಸುವ ವಾಡಿಕೆ ಬಹಳ ಹಳೆಯದು. ಪರಸ್ಥಳದಿಂದ ಮರಳಿದ ಮಗನು ಸೊರಗಿ ಕಂಡರೆ ತಾಯಿಗೆ ಕಳವಳ. ಮೈ ತುಂಬಿಕೊಂಡು ಬಂದರೆ ಸಮಾಧಾನ. ಬರಗಾಲದ ನೆನಪು ಮಾಸದಿದ್ದ ಕಾಲದಲ್ಲಿ ಈ ಭಾವನೆಗೆ ತಕ್ಕ ಕಾರಣವೂ ಇದ್ದಿತು. ತುಂಬಿದ ಮೈಯೆಂದರೆ ತುಂಬಿದ ಕಣಜವೆಂದೇ ಜನರು ತಿಳಿಯುತ್ತಿದ್ದರು.

ಇಂದಿನ ಪರಿಸ್ಥಿತಿಯಲ್ಲಿ ಕಣ್ಣಿನ ಅಂದಾಜು ಮಾತ್ರ ಸಾಲದು. ದೇಶದಲ್ಲಿ 2015–16ರಲ್ಲಿ ನಡೆದ ನಾಲ್ಕನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಸ್ತ್ರೀಯರ ಪೈಕಿ ಶೇಕಡಾ 22.9 ಮಂದಿ ಕಡಿಮೆ ತೂಕದವರೆಂದೂ ಶೇಕಡಾ 20.6 ಮಂದಿ ಹೆಚ್ಚು ತೂಕದವರೆಂದೂ ಕಂಡುಬಂದಿತು. 2019–21ರ ಐದನೆಯ ಸಮೀಕ್ಷೆಯ ವೇಳೆಗೆ ಈ ಲೆಕ್ಕ ತಿರುಗುಮುರುಗಾಯಿತು. ಕಡಿಮೆ ತೂಕದವರು ಶೇಕಡಾ 18.7ಕ್ಕೆ ಇಳಿದರು, ಹೆಚ್ಚು ತೂಕದವರು ಶೇಕಡಾ 24ಕ್ಕೆ ಏರಿದರು. ಪುರುಷರಲ್ಲಿ ಈ ಪ್ರಮಾಣಗಳು ಕ್ರಮವಾಗಿ 16.2 ಮತ್ತು 22.9. ಅರೆಹೊಟ್ಟೆಯ ಕಷ್ಟವು ಇನ್ನೂ ಪೂರ್ತಿ ನೀಗದಿರುವಾಗಲೇ ಅತಿತೂಕದ ಕಷ್ಟವೂ ಬಂದು ಸೇರಿಕೊಂಡಿದೆ. ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಇವೆರಡೂ ಜೊತೆಯಾಗಿ ಕಾಣಬರುತ್ತಿವೆ.

ಈ ಎಲ್ಲ ಅಂಕಿಗಳ ಹಿಂದೆ ಇರುವುದು ಒಂದು ಚಿಕ್ಕ ಲೆಕ್ಕ. ಅದಕ್ಕೆ ‘ದೇಹ ದ್ರವ್ಯರಾಶಿ ಸೂಚ್ಯಂಕ’ ಎಂದು ಹೆಸರು. ವೈದ್ಯರ ಚೀಟಿಗಳಲ್ಲಿ ಇದನ್ನು ಬಿ.ಎಂ.ಐ. ಎಂದು ಬರೆಯುವುದು ರೂಢಿ. ಲೆಕ್ಕ ಮಾಡುವುದು ಮಾಧ್ಯಮಿಕ ಶಾಲೆಯ ವಿದ್ಯಾರ್ಥಿಗೂ ಸಾಧ್ಯ. ಅದರ ಉತ್ತರವನ್ನು ಅರ್ಥಮಾಡಿಕೊಳ್ಳುವುದು ಮಾತ್ರ ಅಷ್ಟು ಸುಲಭವಲ್ಲ. ಅಳೆಯಲ್ಪಟ್ಟವರು ಯಾವ ವಯಸ್ಸಿನವರು, ಯಾವ ಮೈಕಟ್ಟಿನವರು, ಯಾವ ನಾಡಿನವರು ಎಂಬುದನ್ನು ವಿಚಾರಿಸದೆ ಈ ಅಂಕಿಯನ್ನು ಪ್ರಯೋಗಿಸಿದರೆ ಆರೋಗ್ಯವಂತ ಬಾಲಕನನ್ನು ಕೃಶನೆಂದು ಬಗೆಯುವ, ಅಪಾಯದ ಅಂಚಿನಲ್ಲಿರುವ ಗೃಹಸ್ಥನನ್ನು ಸುರಕ್ಷಿತನೆಂದು ಬಗೆಯುವ ಪ್ರಮಾದಕ್ಕೆ ಎಡೆಯಾಗುತ್ತದೆ.

ಲೆಕ್ಕ ಮಾಡುವ ಬಗೆ

ದೇಹದ ತೂಕವನ್ನು ಕಿಲೋಗ್ರಾಂಗಳಲ್ಲಿಯೂ ಎತ್ತರವನ್ನು ಮೀಟರುಗಳಲ್ಲಿಯೂ ತೆಗೆದುಕೊಳ್ಳಬೇಕು. ಎತ್ತರವನ್ನು ಅದರಿಂದಲೇ ಗುಣಿಸಿ, ಬಂದ ಗುಣಲಬ್ಧದಿಂದ ತೂಕವನ್ನು ಭಾಗಿಸಬೇಕು. ಬಂದ ಭಾಗಲಬ್ಧವೇ ಸೂಚ್ಯಂಕ.

ಉದಾಹರಣೆಗೆ, ಒಬ್ಬರ ಎತ್ತರ 160 ಸೆಂಟಿಮೀಟರ್, ತೂಕ 60 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. 160 ಸೆಂಟಿಮೀಟರ್ ಎಂದರೆ 1.6 ಮೀಟರ್. 1.6ನ್ನು 1.6ರಿಂದ ಗುಣಿಸಿದರೆ 2.56. 60ನ್ನು 2.56ರಿಂದ ಭಾಗಿಸಿದರೆ 23.4. ಇದು ಅವರ ಸೂಚ್ಯಂಕ. ಎತ್ತರವನ್ನು ಅಡಿ–ಅಂಗುಲಗಳಲ್ಲಿ ಬಲ್ಲವರು ಮೊದಲು ಅದನ್ನು ಒಟ್ಟು ಅಂಗುಲಗಳಿಗೆ ತಂದು 2.54ರಿಂದ ಗುಣಿಸಿದರೆ ಸೆಂಟಿಮೀಟರುಗಳು ದೊರೆಯುತ್ತವೆ. 5 ಅಡಿ 4 ಅಂಗುಲವೆಂದರೆ 64 ಅಂಗುಲ, ಅಂದರೆ ಸುಮಾರು 162.6 ಸೆಂಟಿಮೀಟರ್.

ಅಳತೆಯು ನಿಖರವಾಗಿರುವುದು ಬಹಳ ಮುಖ್ಯ. ಎತ್ತರವನ್ನು ಎರಡು ಸಲ ಗುಣಿಸುವುದರಿಂದ ಅದರಲ್ಲಿಯ ತಪ್ಪು ಇಮ್ಮಡಿಯಾಗಿ ಉತ್ತರದಲ್ಲಿ ಕಾಣಿಸಿಕೊಳ್ಳುತ್ತದೆ. ಮೇಲಿನ ಉದಾಹರಣೆಯಲ್ಲಿ ಪಾದರಕ್ಷೆಯನ್ನು ತೆಗೆಯದೆ ಅಳೆದು 162 ಸೆಂಟಿಮೀಟರ್ ಎಂದು ಬರೆದುಕೊಂಡರೆ ಸೂಚ್ಯಂಕವು 22.9 ಆಗುತ್ತದೆ. ಎರಡು ಸೆಂಟಿಮೀಟರಿನ ಅಜಾಗರೂಕತೆಯಿಂದ, ಮುಂದೆ ವಿವರಿಸಲಿರುವ 23ರ ಗಡಿಯ ಆಚೆಗಿದ್ದವರು ಈಚೆಗೆ ಬಂದುಬಿಡುತ್ತಾರೆ. ಆದುದರಿಂದ ಬರಿಗಾಲಿನಲ್ಲಿ, ಸಮನೆಲದ ಮೇಲೆ, ಹಿಮ್ಮಡಿ, ಪೃಷ್ಠ, ಹೆಗಲ ಮೂಳೆಗಳು ಗೋಡೆಗೆ ತಾಗುವಂತೆ ನೆಟ್ಟಗೆ ನಿಂತು, ದೃಷ್ಟಿಯನ್ನು ನೇರವಾಗಿ ಮುಂದಕ್ಕಿಟ್ಟು ಎತ್ತರವನ್ನು ಅಳೆಯಬೇಕು. ತೂಕವನ್ನು ಹಗುರವಾದ ಉಡುಪಿನಲ್ಲಿ, ಸಾಧ್ಯವಾದರೆ ಬೆಳಗಿನ ಹೊತ್ತು, ಉಪಾಹಾರಕ್ಕೆ ಮೊದಲು ನೋಡುವುದು ಲೇಸು. ತಕ್ಕಡಿಯ ಮುಳ್ಳು ಸೊನ್ನೆಯಲ್ಲಿದೆಯೇ ಎಂಬುದನ್ನು ಪ್ರತಿಸಲವೂ ಪರೀಕ್ಷಿಸತಕ್ಕದ್ದು.

ಎತ್ತರವನ್ನು ಎರಡು ಸಲ ಗುಣಿಸುವುದೇಕೆ?

ಎತ್ತರವಾದವನು ಗಿಡ್ಡನಿಗಿಂತ ಹೆಚ್ಚು ತೂಗುವುದು ಸಹಜ. ಆದುದರಿಂದ ಬರಿಯ ತೂಕದಿಂದ ಯಾರು ಸ್ಥೂಲರು, ಯಾರು ಕೃಶರು ಎಂಬುದು ತಿಳಿಯದು. ತೂಕದಿಂದ ಎತ್ತರದ ಪ್ರಭಾವವನ್ನು ಕಳೆದು ನೋಡುವ ಒಂದು ಉಪಾಯ ಬೇಕು. ದೇಹವು ಉದ್ದ, ಅಗಲ, ದಪ್ಪ ಈ ಮೂರು ದಿಕ್ಕುಗಳಲ್ಲಿಯೂ ಸಮನಾಗಿ ಬೆಳೆಯುವುದಾಗಿದ್ದರೆ ತೂಕವು ಎತ್ತರದ ಘನಕ್ಕೆ ಅನುಸಾರವಾಗಿ ಹೆಚ್ಚಬೇಕಾಗಿತ್ತು. ವಾಸ್ತವವಾಗಿ ಹಾಗೆ ಆಗುವುದಿಲ್ಲ. ಎತ್ತರದವರು ಗಿಡ್ಡರ ದೊಡ್ಡ ಪಡಿಯಚ್ಚುಗಳಲ್ಲ. ಎತ್ತರಕ್ಕೆ ಹೋಲಿಸಿದರೆ ಅವರು ಸಾಮಾನ್ಯವಾಗಿ ತುಸು ನೀಳವಾಗಿರುತ್ತಾರೆ.

ಇದನ್ನು ಮೊದಲು ಗಮನಿಸಿದವನು ಬೆಲ್ಜಿಯಂ ದೇಶದ ಅಡಾಲ್ಫ್ ಕೆಟ್ಲೆ (1796–1874). ಅವನು ವೈದ್ಯನಾಗಿರಲಿಲ್ಲ, ಖಗೋಳಶಾಸ್ತ್ರಜ್ಞನೂ ಗಣಿತಜ್ಞನೂ ಆಗಿದ್ದನು. ನಕ್ಷತ್ರಗಳ ವೀಕ್ಷಣೆಯಲ್ಲಿ ಬಳಸುವ ಸಂಖ್ಯಾಶಾಸ್ತ್ರವನ್ನು ಮಾನವ ಸಮಾಜಕ್ಕೂ ಅನ್ವಯಿಸಿ ‘ಸರಾಸರಿ ಮನುಷ್ಯ’ನ ಲಕ್ಷಣಗಳನ್ನು ಕಂಡುಹಿಡಿಯುವುದು ಅವನ ಹಂಬಲವಾಗಿತ್ತು. 1830ರ ದಶಕದಲ್ಲಿ ಅವನು ಪ್ರಕಟಿಸಿದ ಬರಹಗಳಲ್ಲಿ, ಬೆಳವಣಿಗೆ ಮುಗಿದ ವಯಸ್ಕರಲ್ಲಿ ತೂಕವು ಹೆಚ್ಚುಕಡಿಮೆ ಎತ್ತರದ ವರ್ಗಕ್ಕೆ ಅನುಸಾರವಾಗಿರುತ್ತದೆಂದು ತೋರಿಸಿದನು. ಸ್ಥೂಲಕಾಯವನ್ನು ಗುರುತಿಸುವ ಉದ್ದೇಶ ಅವನಿಗೆ ಇರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ತೂಕದ ವಿಚಾರವನ್ನು ಕೈಗೆತ್ತಿಕೊಂಡವರು ಅಮೆರಿಕದ ಜೀವವಿಮಾ ಸಂಸ್ಥೆಗಳವರು. ಅತಿತೂಕದ ವಿಮಾದಾರರು ಬೇಗನೆ ಮೃತರಾಗುತ್ತಾರೆಂಬುದು ಅವರ ಲೆಕ್ಕಪತ್ರಗಳಿಂದ ತಿಳಿದುಬಂದಿತು. ಮೆಟ್ರೋಪಾಲಿಟನ್ ಜೀವವಿಮಾ ಸಂಸ್ಥೆಯು 1940ರ ದಶಕದ ಆರಂಭದಲ್ಲಿಯೂ ಮತ್ತೆ 1959ರಲ್ಲಿಯೂ ಎತ್ತರಕ್ಕೆ ತಕ್ಕ ತೂಕದ ಪಟ್ಟಿಗಳನ್ನು ಹೊರಡಿಸಿತು. ಈ ಪಟ್ಟಿಗಳು ದೇಹವನ್ನು ಸಣ್ಣ, ನಡುತರದ, ದೊಡ್ಡ ಅಸ್ಥಿಪಂಜರಗಳೆಂದು ವಿಂಗಡಿಸುತ್ತಿದ್ದುವು. ಆ ವಿಂಗಡಣೆಗೆ ಖಚಿತವಾದ ಆಧಾರವಿರಲಿಲ್ಲ.

1972ರಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಐದು ದೇಶಗಳ ಏಳು ಸಾವಿರಕ್ಕೂ ಮಿಕ್ಕ ಪುರುಷರ ಅಳತೆಗಳನ್ನು ಪರಿಶೀಲಿಸಿ, ತೂಕ–ಎತ್ತರಗಳ ಬೇರೆ ಬೇರೆ ಸೂತ್ರಗಳಲ್ಲಿ ಕೆಟ್ಲೆಯ ಸೂತ್ರವೇ ಅನುಕೂಲವಾದುದೆಂದು ನಿರ್ಣಯಿಸಿದರು. ದೇಹ ದ್ರವ್ಯರಾಶಿ ಸೂಚ್ಯಂಕವೆಂಬ ಹೆಸರನ್ನು ಕೊಟ್ಟವರೂ ಅವರೇ. ಇಲ್ಲಿ ಮೂರು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಅಳೆಯಲ್ಪಟ್ಟವರೆಲ್ಲರೂ ಪುರುಷರು. ಆ ಐದು ದೇಶಗಳಲ್ಲಿ ಭಾರತವು ಸೇರಿರಲಿಲ್ಲ. ಜನಸಮೂಹಗಳನ್ನು ಒಂದರೊಡನೊಂದು ಹೋಲಿಸುವುದಕ್ಕಾಗಿ ಆಯ್ದ ಸಾಧನವು ಕಾಲಕ್ರಮದಲ್ಲಿ ಒಬ್ಬೊಬ್ಬ ವ್ಯಕ್ತಿಯ ಆರೋಗ್ಯವನ್ನು ನಿರ್ಣಯಿಸುವ ಸಾಧನವಾಗಿ ಬಳಕೆಗೆ ಬಂದಿತು.

ವಯಸ್ಕರ ಗಡಿಗಳು

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗಾಗಿ ಗೊತ್ತುಪಡಿಸಿದ ಗಡಿಗಳು ಹೀಗಿವೆ: ಸೂಚ್ಯಂಕವು 18.5ಕ್ಕಿಂತ ಕಡಿಮೆಯಿದ್ದರೆ ಕಡಿಮೆ ತೂಕ, 18.5ರಿಂದ 24.9ರವರೆಗೆ ಸಹಜ; 25ರಿಂದ 29.9ರವರೆಗೆ ಅಧಿಕ ತೂಕ. 30 ಮತ್ತು ಅದಕ್ಕೂ ಮೇಲ್ಪಟ್ಟು ಸ್ಥೂಲಕಾಯ. ಕಡಿಮೆ ತೂಕದಲ್ಲಿಯೂ ತರತಮಗಳುಂಟು. 17ರಿಂದ 18.5ರೊಳಗಿನ ಕೃಶತೆ ಅಲ್ಪ ಪ್ರಮಾಣದ್ದು. 16ರಿಂದ 17ರೊಳಗಿನದು ಮಧ್ಯಮ. 16ಕ್ಕಿಂತ ಕೆಳಗಿನದು ತೀವ್ರವಾದುದು.

ಏಷ್ಯಾದ ಜನರಲ್ಲಿ ಮಧುಮೇಹ ಮತ್ತು ಹೃದ್ರೋಗಗಳು ಇದಕ್ಕಿಂತ ಕಡಿಮೆ ಸೂಚ್ಯಂಕದಲ್ಲಿಯೇ ತಲೆದೋರುವುದನ್ನು ಕಂಡು, ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ಸಿಂಗಪುರದಲ್ಲಿ ತಜ್ಞರ ಸಮಾಲೋಚನೆಯೊಂದನ್ನು ಏರ್ಪಡಿಸಿತು. ಅಂತರರಾಷ್ಟ್ರೀಯ ಗಡಿಗಳನ್ನು ಹಾಗೆಯೇ ಉಳಿಸಿಕೊಂಡು, ಏಷ್ಯಾದವರು ಎಚ್ಚರಗೊಳ್ಳಬೇಕಾದ ಮಟ್ಟಗಳೆಂದು 23 ಮತ್ತು 27.5ನ್ನು ಆ ಸಭೆಯು ಸೂಚಿಸಿತು. ಭಾರತದ ತಜ್ಞರು 2009ರಲ್ಲಿ ಪ್ರಕಟಿಸಿದ ಒಮ್ಮತದ ಮಾರ್ಗಸೂಚಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಭಾರತೀಯರಲ್ಲಿ 18ರಿಂದ 22.9 ಸಹಜವೆಂದೂ, 23ರಿಂದ 24.9 ಅಧಿಕ ತೂಕವೆಂದೂ, 25ಕ್ಕೆ ಮೇಲ್ಪಟ್ಟುದು ಸ್ಥೂಲಕಾಯವೆಂದೂ ನಿಗದಿಪಡಿಸಿತು. ಮೊದಲು ಹೇಳಿದ ರಾಷ್ಟ್ರೀಯ ಸಮೀಕ್ಷೆಯು ಅಂತರರಾಷ್ಟ್ರೀಯ ಗಡಿಯಾದ 25ನ್ನೇ ಹಿಡಿದಿದೆ. ಭಾರತೀಯ ಗಡಿಯನ್ನು ಹಿಡಿದರೆ ಅಧಿಕ ತೂಕದವರ ಪ್ರಮಾಣ ಇನ್ನೂ ಹೆಚ್ಚಾಗುತ್ತದೆಂಬುದು ಸ್ಪಷ್ಟ.

ಲೆಕ್ಕ ಮಾಡಲು ಬಿಡುವಿಲ್ಲದವರ ಅನುಕೂಲಕ್ಕಾಗಿ, ಕೆಲವು ಎತ್ತರಗಳಿಗೆ ಸೂಚ್ಯಂಕ 18.5, 23 ಮತ್ತು 25 ಆಗುವ ತೂಕಗಳನ್ನು ಕಿಲೋಗ್ರಾಂಗಳಲ್ಲಿ ಇಲ್ಲಿ ಕೊಡಲಾಗಿದೆ:

150 ಸೆಂ.ಮೀ. — 41.6, 51.8, 56.3
155 ಸೆಂ.ಮೀ. — 44.4, 55.3, 60.1
160 ಸೆಂ.ಮೀ. — 47.4, 58.9, 64.0
165 ಸೆಂ.ಮೀ. — 50.4, 62.6, 68.1
170 ಸೆಂ.ಮೀ. — 53.5, 66.5, 72.3
175 ಸೆಂ.ಮೀ. — 56.7, 70.4, 76.6

ಶಾಲೆ ಬಿಟ್ಟು ಹಲವು ವರ್ಷಗಳಾದ ಹಳೆಯ ವಿದ್ಯಾರ್ಥಿಗಳು ಈ ಪಟ್ಟಿಯೊಡನೆ ತಮ್ಮ ತಾರುಣ್ಯದ ತೂಕವನ್ನೂ ನೆನಪಿಸಿಕೊಳ್ಳುವುದು ಉಪಯುಕ್ತ. 165 ಸೆಂಟಿಮೀಟರ್ ಎತ್ತರದ ಯುವಕನೊಬ್ಬನು ಇಪ್ಪತ್ತರ ಪ್ರಾಯದಲ್ಲಿ 52 ಕಿಲೋಗ್ರಾಂ ತೂಗುತ್ತಿದ್ದನೆಂದೂ ಐವತ್ತರ ಪ್ರಾಯದಲ್ಲಿ 72 ಕಿಲೋಗ್ರಾಂ ತೂಗುತ್ತಾನೆಂದೂ ಇಟ್ಟುಕೊಂಡರೆ ಅವನ ಸೂಚ್ಯಂಕವು 19.1ರಿಂದ 26.4ಕ್ಕೆ ಏರಿದಂತಾಯಿತು. ಮೂವತ್ತು ವರ್ಷಗಳಲ್ಲಿ 20 ಕಿಲೋಗ್ರಾಂ ಎಂದರೆ ತಿಂಗಳಿಗೆ ಸುಮಾರು 55 ಗ್ರಾಂ ಮಾತ್ರ. ಇಷ್ಟು ಮೆಲ್ಲನೆ ಏರುವ ತೂಕವು ಹತ್ತಿರದವರ ಕಣ್ಣಿಗೂ ಬೀಳುವುದಿಲ್ಲ. ಈ ಅವಧಿಯಲ್ಲಿ ಅವನು ಎತ್ತರವಾಗಲಿಲ್ಲ. ಮೇಜಿನ ಕೆಲಸದಲ್ಲಿ ಸ್ನಾಯುಗಳೂ ಹೆಚ್ಚಲಿಲ್ಲ. ಸೇರಿದ ತೂಕದಲ್ಲಿ ಬಹುಪಾಲು ಕೊಬ್ಬೇ ಎಂದು ತಿಳಿಯಬೇಕಾಗುತ್ತದೆ.

ಸೂಚ್ಯಂಕವೊಂದೇ, ದೇಹಗಳು ಬೇರೆ

ಭಾರತೀಯರಿಗೆ ಬೇರೆಯ ಗಡಿ ಏಕೆ ಬೇಕಾಯಿತೆಂಬುದನ್ನು ಇಬ್ಬರು ವೈದ್ಯರ ಒಂದು ಪ್ರಸಿದ್ಧ ಉದಾಹರಣೆಯಿಂದ ತಿಳಿಯಬಹುದು. ಪುಣೆಯ ಮಧುಮೇಹ ತಜ್ಞ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಇವರು 2004ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮ ದೇಹಗಳ ಅಳತೆಗಳನ್ನೇ ಪ್ರಕಟಿಸಿದರು. ಇಬ್ಬರ ಸೂಚ್ಯಂಕವೂ 22.3. ಆದರೆ ಕ್ಷ-ಕಿರಣದ ನೆರವಿನಿಂದ ದೇಹದೊಳಗಿನ ಕೊಬ್ಬನ್ನು ಅಳೆದಾಗ ಡಾ. ಯುಡ್ಕಿನ್ ಅವರಲ್ಲಿ ಅದು ಶೇಕಡಾ 9.1 ಆಗಿದ್ದರೆ ಡಾ. ಯಾಜ್ಞಿಕ್ ಅವರಲ್ಲಿ ಶೇಕಡಾ 21.2 ಇದ್ದಿತು. ತಕ್ಕಡಿಗೂ ಅಳತೆಗೋಲಿಗೂ ಸಮಾನರಾಗಿದ್ದ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರ ಎರಡರಷ್ಟಕ್ಕೂ ಮಿಗಿಲಾದ ಕೊಬ್ಬನ್ನು ಹೊತ್ತಿದ್ದರು.

ಇದು ಜನ್ಮದಿಂದಲೇ ಆರಂಭವಾಗುವ ಲಕ್ಷಣವೆಂದು ತೋರುತ್ತದೆ. ಪುಣೆಯ ಸುತ್ತಣ ಹಳ್ಳಿಗಳಲ್ಲಿ ಜನಿಸಿದ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳೊಡನೆ ಹೋಲಿಸಿದಾಗ, ಪುಣೆಯ ಶಿಶುಗಳ ಸರಾಸರಿ ತೂಕ 2.7 ಕಿಲೋಗ್ರಾಂ, ಸೌತಾಂಪ್ಟನ್ನಿನವರದು 3.5 ಕಿಲೋಗ್ರಾಂ ಇದ್ದಿತು. ಭಾರತೀಯ ಶಿಶುಗಳಲ್ಲಿ ಸ್ನಾಯುಗಳೂ ಹೊಟ್ಟೆಯೊಳಗಿನ ಅಂಗಗಳೂ ಬಹಳ ಸಣ್ಣವಾಗಿದ್ದುವು. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಲ್ಲಿ ಜನಿಸಿದ ಮಕ್ಕಳನ್ನು ಹುಟ್ಟಿನಿಂದಲೂ ಅನುಸರಿಸಿಕೊಂಡು ಬಂದ ಅಧ್ಯಯನದಲ್ಲಿಯೂ ಇಂಥದೇ ಲಕ್ಷಣ ಕಂಡುಬಂದಿತು. ಹೊರಗೆ ತೆಳುವಾಗಿದ್ದು ಒಳಗೆ ಕೊಬ್ಬನ್ನು ಉಳಿಸಿಕೊಳ್ಳುವ ಈ ದೇಹರಚನೆಗೆ ತಾಯಂದಿರ ಪೋಷಣೆಯೊಡನೆ ನಿಕಟ ಸಂಬಂಧವಿದೆಯೆಂದು ತಜ್ಞರ ಅಭಿಪ್ರಾಯ.

ಕೊಬ್ಬು ಎಷ್ಟಿದೆಯೆಂಬುದರಷ್ಟೇ ಅದು ಎಲ್ಲಿದೆಯೆಂಬುದೂ ಮುಖ್ಯ. ತೊಡೆ, ಪೃಷ್ಠಗಳ ಚರ್ಮದಡಿಯಲ್ಲಿರುವ ಕೊಬ್ಬು ಹೆಚ್ಚು ತೊಂದರೆ ಕೊಡುವುದಿಲ್ಲ. ಹೊಟ್ಟೆಯೊಳಗೆ, ಯಕೃತ್ತು ಮತ್ತು ಕರುಳುಗಳ ಸುತ್ತ ಶೇಖರವಾಗುವ ಕೊಬ್ಬು ರಕ್ತಕ್ಕೆ ಕೊಬ್ಬಿನ ಆಮ್ಲಗಳನ್ನು ಬಿಡುತ್ತದೆ. ಇದರಿಂದ ಇನ್ಸುಲಿನ್ನಿನ ಆಜ್ಞೆಗೆ ಯಕೃತ್ತೂ ಸ್ನಾಯುಗಳೂ ಸರಿಯಾಗಿ ಓಗೊಡದಂತಾಗುತ್ತದೆ. ಮೇದೋಜೀರಕ ಗ್ರಂಥಿಯು ಹೆಚ್ಚು ಹೆಚ್ಚು ಇನ್ಸುಲಿನ್ನನ್ನು ಸ್ರವಿಸಿ ಕೊನೆಗೆ ಸೋಲುತ್ತದೆ. ಮಧುಮೇಹವು ತಲೆದೋರುವುದು ಹೀಗೆ.

ಸೂಚ್ಯಂಕ ಹೇಳದ ಮಾತು

ಗರಡಿಯಲ್ಲಿ ಸಾಮು ಮಾಡಿದ ಪೈಲ್ವಾನನು 170 ಸೆಂಟಿಮೀಟರ್ ಎತ್ತರವಿದ್ದು 85 ಕಿಲೋಗ್ರಾಂ ತೂಗಿದರೆ ಅವನ ಸೂಚ್ಯಂಕ 29.4. ಪಟ್ಟಿಯ ಪ್ರಕಾರ ಅವನು ಸ್ಥೂಲಕಾಯನು. ವಾಸ್ತವದಲ್ಲಿ ಆ ತೂಕವೆಲ್ಲ ಸ್ನಾಯುವಿನದಾಗಿರಬಹುದು. ಇದಕ್ಕೆ ವಿರುದ್ಧವಾಗಿ, ವೃದ್ಧಾಪ್ಯದಲ್ಲಿ ಸ್ನಾಯುಗಳು ಕರಗಿ ಆ ಸ್ಥಾನದಲ್ಲಿ ಕೊಬ್ಬು ಸೇರಿದರೂ ತೂಕವು ಬದಲಾಗದಿರಬಹುದು. ಬೆನ್ನು ಬಾಗಿ ಎತ್ತರ ಕುಗ್ಗಿದವರ ಲೆಕ್ಕವೂ ತಪ್ಪುತ್ತದೆ. ಗರ್ಭಿಣಿಯರಿಗೆ, ಮೈಯಲ್ಲಿ ನೀರು ತುಂಬಿದ ರೋಗಿಗಳಿಗೆ ಈ ಗಡಿಗಳು ಅನ್ವಯಿಸುವುದಿಲ್ಲ. ಇನ್ನು ರಕ್ತಹೀನತೆಯ ವಿಷಯದಲ್ಲಿ ಸೂಚ್ಯಂಕವು ಏನನ್ನೂ ಹೇಳದು. ಐದನೆಯ ರಾಷ್ಟ್ರೀಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 59.1 ಮಂದಿಗೆ ರಕ್ತಹೀನತೆಯಿದ್ದಿತು. ಅವರಲ್ಲಿ ಅನೇಕರ ತೂಕ ಸಹಜವಾಗಿಯೇ ಇದ್ದೀತು.

ಈ ಕೊರತೆಯನ್ನು ಕೆಲಮಟ್ಟಿಗೆ ನೀಗಿಸಲು ಸೊಂಟದ ಸುತ್ತಳತೆಯನ್ನು ಸೂಚ್ಯಂಕದ ಜೊತೆಗೆ ನೋಡಬೇಕು. ಪಕ್ಕೆಲುಬಿನ ಕೆಳಗಿನ ಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟಾಗ, ಟೇಪನ್ನು ಬಿಗಿಯದೆ ಸುತ್ತಿ ಅಳೆಯಬೇಕು. ಭಾರತೀಯ ಪುರುಷರಲ್ಲಿ ಇದು 90 ಸೆಂಟಿಮೀಟರನ್ನೂ ಸ್ತ್ರೀಯರಲ್ಲಿ 80 ಸೆಂಟಿಮೀಟರನ್ನೂ ಮೀರಬಾರದು. ಟೇಪು ಇಲ್ಲದವರಿಗೆ ಒಂದು ದಾರವೇ ಸಾಕು. ತಮ್ಮ ಎತ್ತರದಷ್ಟು ದಾರವನ್ನು ಕತ್ತರಿಸಿ ಅದನ್ನು ಸರಿಯಾಗಿ ಎರಡು ಮಡಿಕೆ ಮಾಡಿ ಸೊಂಟಕ್ಕೆ ಸುತ್ತಬೇಕು. ತುದಿಗಳು ಕೂಡಿದರೆ ಒಳ್ಳೆಯದು. ಕೂಡದಿದ್ದರೆ ಹೊಟ್ಟೆಯ ಕೊಬ್ಬು ಹೆಚ್ಚಾಗಿದೆಯೆಂದು ತಿಳಿಯಬೇಕು. ಸೊಂಟದ ಸುತ್ತಳತೆಯು ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕೆಂಬ ಈ ನಿಯಮವನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯೂ 2022ರಲ್ಲಿ ಅಂಗೀಕರಿಸಿದೆ. 2025ರ ಜನವರಿಯಲ್ಲಿ ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯಲ್ಲಿ ವರದಿಯನ್ನು ಪ್ರಕಟಿಸಿದ ಅಂತರರಾಷ್ಟ್ರೀಯ ಆಯೋಗವು ಸಹ, ಒಬ್ಬ ವ್ಯಕ್ತಿಗೆ ಸ್ಥೂಲಕಾಯದ ರೋಗವಿದೆಯೆಂದು ಸೂಚ್ಯಂಕವೊಂದರಿಂದಲೇ ನಿರ್ಣಯಿಸಬಾರದೆಂದು ಹೇಳಿದೆ.

ಅಂಕಿಯನ್ನು ಇಳಿಸುವುದೇ ಗುರಿಯಾಗಬೇಕಾಗಿಲ್ಲವೆಂಬುದಕ್ಕೆ ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನವು ನಿದರ್ಶನ. ಮಧುಮೇಹದ ಹೊಸ್ತಿಲಲ್ಲಿದ್ದ ಐನೂರಕ್ಕೂ ಹೆಚ್ಚು ಮಂದಿಯಲ್ಲಿ ಒಂದು ಗುಂಪಿನವರಿಗೆ ನಿತ್ಯದ ನಡಿಗೆ ಮತ್ತು ಹಿತಮಿತವಾದ ಆಹಾರವನ್ನು ವಿಧಿಸಲಾಯಿತು. ಸುಮಾರು ಮೂರು ವರ್ಷಗಳಲ್ಲಿ ಆ ಗುಂಪಿನಲ್ಲಿ ಮಧುಮೇಹವು ಶೇಕಡಾ 28.5ರಷ್ಟು ಕಡಿಮೆಯಾಯಿತು. ಅವರ ತೂಕದಲ್ಲಿ ಗಮನಾರ್ಹವಾದ ಇಳಿತವಾಗಿರಲಿಲ್ಲ. ತಕ್ಕಡಿಯ ಮುಳ್ಳು ಕದಲಲಿಲ್ಲವೆಂದು ನಡಿಗೆಯನ್ನು ಬಿಟ್ಟುಬಿಡುವವರು ಈ ಫಲಿತಾಂಶವನ್ನು ಮನಗಾಣಬೇಕು.

ಕೃಶತೆಯ ಅಪಾಯ

ಸ್ಥೂಲಕಾಯದ ಚರ್ಚೆಯ ಗದ್ದಲದಲ್ಲಿ 18.5ರ ಕೆಳಗಿನವರನ್ನು ಮರೆಯುವಂತಿಲ್ಲ. ಹೊಟ್ಟೆ ತುಂಬ ಉಣ್ಣದ ದೇಹವು ಮೊದಲು ಕೊಬ್ಬನ್ನೂ ಅನಂತರ ಸ್ನಾಯುವನ್ನೂ ಕರಗಿಸಿಕೊಳ್ಳುತ್ತದೆ. ರೋಗನಿರೋಧಕ ಶಕ್ತಿಯು ಕುಗ್ಗುತ್ತದೆ. ಕ್ಷಯರೋಗವು ಹೊಂಚುಹಾಕಿ ಕಾಯುವುದು ಇಂಥ ದೇಹಗಳಿಗಾಗಿಯೇ.

ಈ ಸಂಬಂಧವನ್ನು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿದ ಸಂಶೋಧನೆಗೆ ಕರ್ನಾಟಕದ ನಂಟೂ ಇದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಅವರ ಮುಂದಾಳುತನದಲ್ಲಿ 2019ರಿಂದ 2022ರವರೆಗೆ ಜಾರ್ಖಂಡ್ ರಾಜ್ಯದಲ್ಲಿ ಕ್ಷಯರೋಗಿಗಳ ಮನೆಗಳಿಗೆ ಆಹಾರವನ್ನು ಒದಗಿಸಿ ಪರಿಣಾಮವನ್ನು ನೋಡಲಾಯಿತು. ಎಲ್ಲ ರೋಗಿಗಳಿಗೂ ಆಹಾರಸಾಮಗ್ರಿ ದೊರೆಯಿತು. ಒಂದು ವಿಭಾಗದ ಮನೆಗಳಲ್ಲಿ ಮಾತ್ರ ಉಳಿದ ಸದಸ್ಯರಿಗೂ ತಲೆಗೆ ತಿಂಗಳಿಗೆ 5 ಕಿಲೋಗ್ರಾಂ ಅಕ್ಕಿ ಮತ್ತು 1.5 ಕಿಲೋಗ್ರಾಂ ಬೇಳೆಯನ್ನು ಕೊಡಲಾಯಿತು. ಹೀಗೆ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲಿದವರ ಪ್ರಮಾಣ ಶೇಕಡಾ 39ರಷ್ಟು ಕಡಿಮೆಯಾಯಿತೆಂದು 2023ರಲ್ಲಿ ಪ್ರಕಟವಾದ ವರದಿಯು ತಿಳಿಸುತ್ತದೆ. ಅಕ್ಕಿ–ಬೇಳೆಯೇ ಇಲ್ಲಿ ಲಸಿಕೆಯ ಕೆಲಸವನ್ನು ಮಾಡಿದುವು. ಹಸಿದವರಿಗೆ ಅನ್ನವಿಕ್ಕುವ ದಾನಿಗಳು ತಾವು ಮಾಡುತ್ತಿರುವುದು ರೋಗನಿವಾರಣೆಯ ಕಾರ್ಯವೂ ಹೌದೆಂದು ಧೈರ್ಯವಾಗಿ ತಿಳಿಯಬಹುದು.

ಮಕ್ಕಳಿಗೆ ಬೇರೆಯ ಅಳತೆ

ಇದುವರೆಗೆ ವಿವರಿಸಿದ ಗಡಿಗಳೆಲ್ಲ ಬೆಳವಣಿಗೆ ಮುಗಿದ ವಯಸ್ಕರಿಗೆ ಮಾತ್ರ ಸಂಬಂಧಿಸಿದುವು. ಶಾಲೆಯ ಮಕ್ಕಳಿಗೆ ಇವನ್ನು ಅನ್ವಯಿಸುವುದು ದೊಡ್ಡ ತಪ್ಪು. ಲೆಕ್ಕದ ವಿಧಾನವು ಒಂದೇ. ಉತ್ತರದ ಅರ್ಥವು ಬೇರೆ. ಮಗುವಿನ ಸೂಚ್ಯಂಕವು ಐದಾರು ವರ್ಷದ ಸುಮಾರಿಗೆ ಅತಿ ಕೆಳಮಟ್ಟಕ್ಕೆ ಇಳಿದು, ಅಲ್ಲಿಂದ ಮುಂದೆ ವರ್ಷವರ್ಷಕ್ಕೂ ಮೆಲ್ಲನೆ ಏರುತ್ತದೆ. ಹುಡುಗರಲ್ಲಿ ಮತ್ತು ಹುಡುಗಿಯರಲ್ಲಿ ಈ ಏರಿಕೆಯ ಗತಿಯು ಬೇರೆ ಬೇರೆಯಾಗಿರುತ್ತದೆ. ಆದುದರಿಂದ ವಿಶ್ವ ಆರೋಗ್ಯ ಸಂಸ್ಥೆಯು 5ರಿಂದ 19 ವರ್ಷದವರಿಗಾಗಿ 2007ರಲ್ಲಿ ವಯಸ್ಸು ಮತ್ತು ಲಿಂಗಗಳಿಗೆ ಅನುಗುಣವಾದ ಬೆಳವಣಿಗೆಯ ಪಟ್ಟಿಗಳನ್ನು ಹೊರಡಿಸಿತು. ಭಾರತೀಯ ಮಕ್ಕಳ ವೈದ್ಯರ ಸಂಘವು 5ರಿಂದ 18 ವರ್ಷದ ಭಾರತೀಯ ಮಕ್ಕಳಿಗಾಗಿ 2015ರಲ್ಲಿ ತನ್ನದೇ ಪಟ್ಟಿಗಳನ್ನು ಪ್ರಕಟಿಸಿತು.

ಹತ್ತು ವರ್ಷದ ಬಾಲಕನೊಬ್ಬನು 138 ಸೆಂಟಿಮೀಟರ್ ಎತ್ತರವಿದ್ದು 31 ಕಿಲೋಗ್ರಾಂ ತೂಗುತ್ತಾನೆನ್ನೋಣ. ಅವನ ಸೂಚ್ಯಂಕ 16.3. ವಯಸ್ಕರ ಪಟ್ಟಿಯನ್ನು ಹಿಡಿದ ಅಧ್ಯಾಪಕರು ಇದನ್ನು ಮಧ್ಯಮ ಪ್ರಮಾಣದ ಕೃಶತೆಯೆಂದು ಬರೆದುಕೊಂಡಾರು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಹತ್ತು ವರ್ಷದ ಹುಡುಗರ ನಡುಮಟ್ಟವೇ 16.4. ಆ ಬಾಲಕನು ಇರಬೇಕಾದಂತೆಯೇ ಇದ್ದಾನೆ. ಅದೇ ತರಗತಿಯ ಇನ್ನೊಬ್ಬ ಬಾಲಕನ ಸೂಚ್ಯಂಕ 19.5 ಇದ್ದರೆ ವಯಸ್ಕರ ಪಟ್ಟಿಯ ಪ್ರಕಾರ ಅದು ಸಹಜ. ಹತ್ತರ ಪ್ರಾಯದಲ್ಲಿ ಅಧಿಕ ತೂಕವು 18.5ಕ್ಕೇ ಆರಂಭವಾಗುವುದರಿಂದ ಅವನ ವಿಷಯದಲ್ಲಿಯೇ ಗಮನ ಬೇಕಾಗಿದೆ. ತಪ್ಪು ಪಟ್ಟಿಯನ್ನು ಹಿಡಿದಲ್ಲಿ ಆರೋಗ್ಯವಂತನಿಗೆ ಚಿಂತೆಯೂ ಚಿಂತಿಸಬೇಕಾದವನಿಗೆ ಭರವಸೆಯೂ ದೊರೆಯುತ್ತದೆ. ಆ ವಯಸ್ಸಿನ ಬಾಲಕರಲ್ಲಿ ಕೃಶತೆಯೆಂದು ಪರಿಗಣಿಸುವುದು ಸೂಚ್ಯಂಕವು 13.7ಕ್ಕಿಂತ ಕೆಳಗಿಳಿದಾಗ.

ಒಂದು ಸಲದ ಅಳತೆಗಿಂತ ವರ್ಷಗಳ ದಾಖಲೆಯೇ ಹೆಚ್ಚು ಬೆಲೆಯುಳ್ಳದ್ದು. ಸದಾ ತೆಳುವಾಗಿದ್ದು ತನ್ನ ಗೆರೆಯಲ್ಲಿಯೇ ಬೆಳೆಯುತ್ತಿರುವ ಮಗುವಿನ ಬಗ್ಗೆ ಆತಂಕ ಬೇಡ. ನಡುಮಟ್ಟದಲ್ಲಿದ್ದ ಮಗುವು ಒಂದು ವರ್ಷದಲ್ಲಿ ಥಟ್ಟನೆ ಕೆಳಗಿಳಿದರೆ ಕಾರಣವನ್ನು ಹುಡುಕಬೇಕು: ಜಂತುಹುಳು, ದೀರ್ಘಕಾಲದ ಕೆಮ್ಮು, ಮನೆಯ ಬಡತನ, ಮನಸ್ಸಿನ ನೋವು, ಇವುಗಳಲ್ಲಿ ಯಾವುದೂ ಆಗಿರಬಹುದು. ಎತ್ತರವೂ ಕುಂಠಿತವಾಗಿರುವ ಮಗುವಿನ ಸೂಚ್ಯಂಕವು ಸಹಜವಾಗಿ ತೋರುವುದೂ ಉಂಟು. ಬಹುಕಾಲದ ಅಪೌಷ್ಟಿಕತೆಯಿಂದ ತೂಕ, ಎತ್ತರಗಳೆರಡೂ ಕುಗ್ಗಿದಾಗ ಭಾಗಲಬ್ಧದಲ್ಲಿ ಕೊರತೆಯು ಮರೆಯಾಗುತ್ತದೆ. ಆದಕಾರಣ ವಯಸ್ಸಿಗೆ ತಕ್ಕ ಎತ್ತರವಿದೆಯೇ ಎಂಬುದನ್ನು ಬೇರೆಯಾಗಿ ನೋಡುವುದು ಅವಶ್ಯ.

ಶಾಲೆಯಲ್ಲಿ ಅಳೆಯುವಾಗ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅನ್ವಯ ವೈದ್ಯರ ತಂಡಗಳು ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳನ್ನು ಪರೀಕ್ಷಿಸುವ ವ್ಯವಸ್ಥೆಯಿದೆ. ಆದರೆ ಮಗುವನ್ನು ದಿನವೂ ನೋಡುವವರು ಅಧ್ಯಾಪಕರು. ವಿದ್ಯಾರ್ಥಿ ನಿಲಯಗಳಲ್ಲಿ ಅದರ ಊಟವನ್ನು ಬಲ್ಲವರು ಅಲ್ಲಿಯ ಪಾಲಕರು. ವರ್ಷಕ್ಕೆ ಎರಡು ಸಲ, ಶಾಲೆ ಪ್ರಾರಂಭವಾದಾಗ ಒಮ್ಮೆ ಮತ್ತು ವಾರ್ಷಿಕ ಪರೀಕ್ಷೆಗೆ ಮುನ್ನ ಒಮ್ಮೆ, ಎತ್ತರ–ತೂಕಗಳನ್ನು ಅಳೆದು ಒಂದೇ ದಾಖಲೆಯಲ್ಲಿ ಬರೆದಿಡುವುದು ಯಾವ ಶಾಲೆಗೂ ಅಸಾಧ್ಯವಲ್ಲ. ಇದಕ್ಕೆ ಬೇಕಾದುದು ಸರಿಯಾದ ಒಂದು ತಕ್ಕಡಿ, ಗೋಡೆಗೆ ನೆಟ್ಟಗೆ ಜೋಡಿಸಿದ ಒಂದು ಅಳತೆಪಟ್ಟಿ, ಬೆಳವಣಿಗೆಯ ನಕ್ಷೆಗಳು ಮತ್ತು ಒಬ್ಬ ಶ್ರದ್ಧಾವಂತ ಅಧ್ಯಾಪಕ. ದಾನಿಗಳು ಇಂಥ ಚಿಕ್ಕ ಸಾಮಗ್ರಿಯ ಕಡೆಗೂ ಮನಸ್ಸು ಮಾಡಬಹುದು.

ಅಳೆಯುವ ರೀತಿಯಲ್ಲಿಯೂ ವಿವೇಕ ಬೇಕು. ಇಡೀ ತರಗತಿಯ ಎದುರಿನಲ್ಲಿ ತೂಕವನ್ನು ಗಟ್ಟಿಯಾಗಿ ಕೂಗಿ ಹೇಳುವುದು, ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆಯುವುದು, ಒಬ್ಬನನ್ನು ಇನ್ನೊಬ್ಬನೊಡನೆ ಹೋಲಿಸುವುದು ಇವು ಸಲ್ಲದ ಕೆಲಸಗಳು. ‘ಡುಮ್ಮ’, ‘ನರಪೇತಲ’ ಎಂಬ ಅಡ್ಡಹೆಸರುಗಳು ಹುಟ್ಟುವುದು ಇಂಥ ಸಂದರ್ಭಗಳಲ್ಲಿಯೇ. ಪ್ರಾಯಕ್ಕೆ ಬರುತ್ತಿರುವ ಹೆಣ್ಣುಮಕ್ಕಳು ಇದರಿಂದ ನೊಂದು ಗುಟ್ಟಾಗಿ ಊಟ ಬಿಡುವುದೂ ಉಂಟು. ಅಳತೆಯು ಒಬ್ಬೊಬ್ಬರಾಗಿ, ಮರೆಯಲ್ಲಿ, ಹೆಣ್ಣುಮಕ್ಕಳಿಗಾದರೆ ಅಧ್ಯಾಪಿಕೆಯರಿಂದಲೇ ನಡೆಯಬೇಕು. ಫಲಿತಾಂಶವನ್ನು ತಂದೆತಾಯಿಗಳಿಗೆ ಮಾತ್ರ ತಿಳಿಸಬೇಕು. ಮಗುವಿಗೆ ಪಥ್ಯವನ್ನು ವಿಧಿಸುವುದು ಅಧ್ಯಾಪಕರ ಕೆಲಸವಲ್ಲ. ಸಂದೇಹವಿದ್ದವರನ್ನು ವೈದ್ಯರ ಬಳಿಗೆ ಕಳುಹಿಸುವುದು, ಎಲ್ಲ ಮಕ್ಕಳಿಗೂ ಆಟದ ಅವಧಿಯನ್ನು ತಪ್ಪದೆ ಒದಗಿಸುವುದು, ಊಟದಲ್ಲಿ ಅನ್ನದೊಡನೆ ಬೇಳೆ, ಕಾಳು, ಸೊಪ್ಪು, ಹಾಲು–ಮೊಸರುಗಳಿಗೆ ಸ್ಥಾನ ಕಲ್ಪಿಸುವುದು ಅವರ ಮತ್ತು ಆಡಳಿತದವರ ಕೆಲಸ. ಬೆಳೆಯುವ ಮಗುವಿನ ತೂಕವನ್ನು ಇಳಿಸುವುದಕ್ಕಿಂತ, ತೂಕವು ನಿಂತಲ್ಲಿಯೇ ನಿಂತು ಎತ್ತರವು ಬೆಳೆದು ಅದನ್ನು ಸರಿಗಟ್ಟುವಂತೆ ನೋಡಿಕೊಳ್ಳುವುದೇ ಸಾಮಾನ್ಯವಾಗಿ ಯೋಗ್ಯವಾದ ಮಾರ್ಗ.

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯಲ್ಲಿ ‘ಬಲ್ಲ’ ಎಂಬ ಮಾತೇ ಮುಖ್ಯವಾದುದು. ದೇಹ ದ್ರವ್ಯರಾಶಿ ಸೂಚ್ಯಂಕವು ಆ ಬಲ್ಮೆಗೆ ನೆರವಾಗುವ ಒಂದು ಉಪಕರಣ. ಖರ್ಚಿಲ್ಲದ, ನೋವಿಲ್ಲದ, ಎಲ್ಲರೂ ಮಾಡಬಲ್ಲ ಪರೀಕ್ಷೆಯೆಂಬುದು ಅದರ ಹಿರಿಮೆ. ಅದು ಯಾರನ್ನು ಇನ್ನೂ ಹತ್ತಿರದಿಂದ ನೋಡಬೇಕೆಂಬುದನ್ನು ತೋರಿಸಿಕೊಡುತ್ತದೆ. ನೋಡುವ ಕೆಲಸವನ್ನು ವೈದ್ಯರು, ತಂದೆತಾಯಿಗಳು ಮತ್ತು ಅಧ್ಯಾಪಕರು ಮಾಡಬೇಕಾಗಿದೆ. ಮುಂದಿನ ಸಲ ಶಾಲೆಯಲ್ಲಿ ಮಕ್ಕಳನ್ನು ತೂಗುವ ದಿನ ಬಂದಾಗ, ಹತ್ತು ವರ್ಷದವನ ಕೈಯಲ್ಲಿ ಹತ್ತು ವರ್ಷದವನ ಪಟ್ಟಿಯೇ ಇರುವಂತೆ ನೋಡಿಕೊಂಡರೆ ಕೆಲಸವು ಸರಿಯಾಗಿ ಆರಂಭವಾದಂತೆ.